ಹದ ಮತ್ತು ಪರೀಕ್ಷೆ

ರೋಣದ ಸೀಮೆಯ ನಮ್ಮ ಜಕ್ಕಲಿ ಎರೆಭೂಮಿಯ ಊರು. ಹಿಂಗಾರಿಗೆ ಹದ ಬಂತೆಂದರೆ ರೈತನಿಗೆ ನಿಲ್ಲಲು ವೇಳೆಯಿಲ್ಲ. ಮಣ್ಣಿನ ಪಸೆ ಆರಿದ ಮೇಲೆ ಕಡಲೆಯಾಗಲಿ ಜೋಳವಾಗಲಿ ಮೊಳೆಯದು. ಹಾಗೆಂದು ಬೀಜವನ್ನು ಪರೀಕ್ಷಿಸದೆ ಕೂರಿಗೆಗೆ ಸುರಿಯುವವನನ್ನು ಯಾರೂ ಜಾಣನೆನ್ನರು. ನೂರು ಕಾಳುಗಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ಎಣಿಸಲು ಕೆಲವು ದಿನಗಳು ಬೇಕು. ಅದನ್ನು ಮಳೆಗೆ ಮುನ್ನವೇ ಮುಗಿಸಿದವನಿಗೆ ಹದವೂ ತಪ್ಪದು.

ಗಣಕಯಂತ್ರಗಳ ಲೋಕದಲ್ಲಿ ಈ ಇಕ್ಕಟ್ಟು ಇನ್ನೂ ಬಿಗಿಯಾದುದು. ತಂತ್ರಾಂಶದಲ್ಲಿ ಕಳ್ಳರು ನುಗ್ಗಬಲ್ಲ ಬಿರುಕು ಕಂಡಾಗ, ತಯಾರಕರು ಅದಕ್ಕೊಂದು ತೇಪೆಯನ್ನು ರಚಿಸಿ ಹಂಚುತ್ತಾರೆ. ಕೌದಿಯ ತೇಪೆಯನ್ನು ನೋಡಿದವನಿಗೆ ಹರುಕು ಎಲ್ಲಿತ್ತೆಂದು ತಿಳಿಯದೆ ಇದ್ದೀತೆ? ತೇಪೆ ಹೊರಬಿದ್ದೊಡನೆ ಕಳ್ಳರಿಗೂ ಬಿರುಕಿನ ಜಾಡು ಸಿಗುತ್ತದೆ. ವಿಂಡೋಸ್‌ನ ಅಂತಹದೊಂದು ಬಿರುಕಿಗೆ ಮೈಕ್ರೋಸಾಫ್ಟ್ ಸಂಸ್ಥೆ 2017ರ ಮಾರ್ಚ್ 14ರಂದು ತೇಪೆಯನ್ನು ಒದಗಿಸಿತ್ತು. ಹಚ್ಚಿಕೊಳ್ಳದವರು ಅಸಂಖ್ಯರು. ಮೇ 12ರಂದು ವಾನ್ನಾಕ್ರೈ ಎಂಬ ಪಿಡುಗು ಅದೇ ಬಿರುಕಿನಿಂದ ಹಬ್ಬಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ತಡಮಾಡಿದವರನ್ನೆಲ್ಲ ಸೋಮಾರಿಗಳೆಂದು ಜರೆಯುವುದು ಸುಲಭ. ಆದರೆ ಹೊಸ ತೇಪೆಯಿಂದ ನಡೆಯುತ್ತಿರುವ ಯಂತ್ರವೇ ನಿಂತುಹೋದೀತೆಂಬ ಅಂಜಿಕೆ ಹುಸಿಯಾದುದಲ್ಲ.

ಅದಕ್ಕೆ ಸಾಕ್ಷಿ 2024ರ ಜುಲೈ 19. ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆ ತನ್ನ ಕಾವಲು ತಂತ್ರಾಂಶಕ್ಕೆ, ಹೊಸ ದಾಳಿಗಳನ್ನು ಗುರುತಿಸುವ ಚಿಕ್ಕದೊಂದು ಕಡತವನ್ನು ಜಗತ್ತಿಗೆಲ್ಲ ಒಮ್ಮೆಗೇ ಕಳುಹಿಸಿತು. 20 ಮೌಲ್ಯಗಳಷ್ಟೇ ಒದಗಿದ್ದಲ್ಲಿ ತಂತ್ರಾಂಶವು 21ನೆಯದನ್ನು ಓದಹೋಗಿ, ಸುಮಾರು 85 ಲಕ್ಷ ಗಣಕಯಂತ್ರಗಳು ಕುಸಿದವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರ ನೋಂದಣಿಯನ್ನು ಕೈಯಿಂದಲೇ ನಡೆಸಬೇಕಾಯಿತು. ಪರೀಕ್ಷೆಯೇ ಆಗಿರಲಿಲ್ಲವೆಂದಲ್ಲ, ಕಡತವನ್ನು ಪರಿಶೀಲಿಸುವ ತಂತ್ರಾಂಶದಲ್ಲಿಯೇ ದೋಷವಿತ್ತು! ಸಂಸ್ಥೆ 78 ನಿಮಿಷಗಳಲ್ಲಿ ಕಡತವನ್ನು ಹಿಂತೆಗೆದುಕೊಂಡಿತು. ಆದರೆ ಬಿದ್ದ ಯಂತ್ರ ತಿದ್ದುಪಡಿಯನ್ನು ಸ್ವೀಕರಿಸುವುದೆಂತು? ಬಹುಪಾಲು ಯಂತ್ರಗಳ ಬಳಿಗೆ ಮನುಷ್ಯನೇ ಹೋಗಿ, ಒಂದೊಂದನ್ನಾಗಿ ಎಬ್ಬಿಸಬೇಕಾಯಿತು.

ಆ ಬಳಿಕ ಸಂಸ್ಥೆ ಇಂತಹ ಕಡತಗಳನ್ನೂ ಹಂತಹಂತವಾಗಿ ಹಂಚತೊಡಗಿತು. ಬೀಜದಂತೆ ತೇಪೆಯನ್ನು ಮೊದಲೇ ಪರೀಕ್ಷಿಸಿಡಲಾಗದು, ನಿಜ. ಪರೀಕ್ಷೆಗೆ ಬೇಕಾದ ಯಂತ್ರಗಳನ್ನು ಮೊದಲೇ ಅಣಿಮಾಡಿಡಬಹುದು. ಮೊದಲ ಸರದಿ ತಯಾರಕರ ಸ್ವಂತ ಯಂತ್ರಗಳದ್ದೇ ಆಗಲಿ, ಆಸ್ಪತ್ರೆ, ವಿಮಾನ ನಿಲ್ದಾಣಗಳದ್ದು ಅನಂತರ ಬರಲಿ ಎಂಬುದು ನನ್ನ ಎಣಿಕೆ. ಆದರೆ ಕಳ್ಳರು ಈಗಾಗಲೇ ನುಗ್ಗುತ್ತಿದ್ದರೆ, ಸರದಿಯ ಕೊನೆಯಲ್ಲಿರುವವನು ಅಷ್ಟು ಹೊತ್ತೂ ಬಾಗಿಲಿಲ್ಲದ ಮನೆಯಲ್ಲಿರುತ್ತಾನೆ. ಆಗ ಸರದಿಗಳ ನಡುವಣ ಅಂತರವನ್ನು ದಿನಗಳಿಂದ ಗಂಟೆಗಳಿಗೆ ಇಳಿಸಬೇಕಾಗುತ್ತದೆ.