ಕೆಂಪು ಕಾಣುವ ಹೊತ್ತು

ರಾಣೆಬೆನ್ನೂರು ಬಸ್ ನಿಲ್ದಾಣ. ಜನವರಿ ಕೊನೆಯ ಸೋಮವಾರ, ನಸುಕಿನ ಐದೂಕಾಲು. ಸ್ವೆಟರ್ ಹಾಕಿ, ಕಿವಿಗೆ ಮಫ್ಲರ್ ಸುತ್ತಿ ನಿಂತಿದ್ದೀರಿ, ಆದರೂ ಒಳಗಿನಿಂದ ನಡುಕ. ಗಾಳಿಯನ್ನು ದೂರಬೇಡಿ. ರಾತ್ರಿ ಒಂದರ ತನಕ ಚುರುಕಾಗಿದ್ದು, ಯಾರೂ ಎಬ್ಬಿಸದಿದ್ದರೆ ಒಂಬತ್ತಕ್ಕೆ ಏಳುವ ದೇಹ ನಿಮ್ಮದು. ಅಂಥ ದೇಹದ ಶಾಖ ತೀರಾ ತಳಕ್ಕಿಳಿಯುವುದೇ ಆರು–ಆರೂವರೆಯ ಸುಮಾರಿಗೆ. ಪಕ್ಕದಲ್ಲಿ ಹಾಲಿನ ಕ್ಯಾನ್ ಇಟ್ಟುಕೊಂಡು ನಿಂತವನಿಗೆ ಬೆಳಗಾಗಿ ತಾಸಾಗಿದೆ. ನಿಮಗಿನ್ನೂ ನಡುರಾತ್ರಿ.

ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದಿದ್ದೀರಿ. ಮೆಣಸಿನಕಾಯಿ ಪೇಟೆ ಸೋಮವಾರ ಮತ್ತು ಗುರುವಾರ. ಆ ಎರಡು ದಿನ ಹೊತ್ತೇರುವ ಮುಂಚೆ ಅಂಗಳದಲ್ಲಿರಬೇಕು. ಮೈಗಳ್ಳತನ ಬಿಟ್ಟರೆ ತಾನೇ ರೂಢಿಯಾಗುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಆ ಮಾತು ತಪ್ಪು. ಅದನ್ನೇ ಕೇಳಿ ಬೆಳೆದ ಮಕ್ಕಳಿಗೆ ಆಗುವ ನೋವೂ ಸಣ್ಣದಲ್ಲ. ಯಾರಿಗೆ ಯಾವಾಗ ನಿದ್ದೆ ಹತ್ತುತ್ತದೆ ಎಂಬುದರಲ್ಲಿ ಹುಟ್ಟಿನ ಪಾಲು ದೊಡ್ಡದು. ಹಣ್ಣಿನ ನೊಣದ ಜೀವಕೋಶದೊಳಗೆ ಹೊತ್ತು ಅಳೆಯುವ ಜೀನ್ ಹೇಗೆ ಕೆಲಸ ಮಾಡುತ್ತದೆಂದು ಬಿಡಿಸಿ ತೋರಿಸಿದ ಹಾಲ್, ರಾಸ್‌ಬ್ಯಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಅಂಥದೇ ಜೀನ್‌ಗಳು ನಮ್ಮಲ್ಲೂ ಇವೆ. ಬೈಗುಳಕ್ಕೆ ಅವು ಬಗ್ಗುವುದಿಲ್ಲ.

ಅದರ ಮೇಲೆ ಭೂಗೋಳದ ಲೆಕ್ಕ ಬೇರೆ. ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಸೂರ್ಯನಿಗೆ. ಹಾವೇರಿ ಇರುವುದು 75.4ರ ಬಳಿ. ಹೀಗಾಗಿ ನಮ್ಮ ಸೂರ್ಯ ಕೈಗಡಿಯಾರಕ್ಕಿಂತ ಸುಮಾರು 28 ನಿಮಿಷ ಹಿಂದಿರುತ್ತಾನೆ. ಐದೂಕಾಲು ಎಂದರೂ ಈ ನೆಲಕ್ಕೆ ಇನ್ನೂ ಐದು ಬಡಿದಿಲ್ಲ.

ಬಸ್ ಬಂತು. ಕಿಟಕಿ ಪಕ್ಕ ಕುಳಿತು ಕಣ್ಣು ಮುಚ್ಚುತ್ತೀರಿ. ನಿನ್ನೆ ಭಾನುವಾರ ಹಾವೇರಿಯಲ್ಲಿದ್ದಿರಿ. ಸಂಜೆ ಪುರಸಿದ್ಧೇಶ್ವರ ಗುಡಿಯ ಅಂಗಳದಲ್ಲಿ ಗೆಳೆಯರೊಂದಿಗೆ ಮಾತಿಗೆ ಕೂತದ್ದು. ಚಾಲುಕ್ಯರ ಗುಡಿಗಳು ಸಾಮಾನ್ಯವಾಗಿ ಮೂಡಣಕ್ಕೆ ಮುಖ ಮಾಡಿದರೆ ಇದು ಪಡುವಣಕ್ಕೆ. ಇಳಿಬಿಸಿಲು ನೇರ ಬಾಗಿಲಿಗೇ ಬೀಳುತ್ತದೆ. ಮಾತು ಮುಗಿಯುವಾಗ ಹತ್ತು ದಾಟಿತ್ತು, ಊರಿಗೆ ಬಂದ ಮೇಲೆ ಮೊಬೈಲ್. ರಾತ್ರಿಯ ಬೆಳಕು ಒಳಗಿನ ಗಡಿಯಾರವನ್ನು ಹಿಂದಕ್ಕೆ ಜಗ್ಗುತ್ತದೆ, ಬೆಳಗಿನದು ಮುಂದಕ್ಕೆ ತರುತ್ತದೆ. ವಾರವಿಡೀ ಗಳಿಸಿದ್ದು ಒಂದು ಭಾನುವಾರದಲ್ಲಿ ಹೋಗುವುದು ಹೀಗೆ.

ಮೋಟೆಬೆನ್ನೂರಿಗೆ ಬರುವಾಗ ಕಿಟಕಿಯ ಗಾಜು ಬೂದಿಬಣ್ಣಕ್ಕೆ ತಿರುಗಿದೆ. 1930ರ ದಂಡಿ ನಡಿಗೆಯಲ್ಲಿ ಗಾಂಧಿಯ ಜೊತೆ ಹೆಜ್ಜೆ ಹಾಕಿದ ಮೈಲಾರ ಮಹಾದೇವಪ್ಪನ ಊರಿದು. ಅವನಿದ್ದ ಸಾಬರಮತಿ ಆಶ್ರಮದಲ್ಲಿ ನಸುಕಿನ ನಾಲ್ಕಕ್ಕೇ ಏಳುವ ಗಂಟೆ ಬಾರಿಸುತ್ತಿದ್ದರು. ಆ ಹುಡುಗನಿಗೆ ಮೊದಮೊದಲು ಹೇಗಿತ್ತೋ ಎಂದು ಈ ತಿರುವಿನಲ್ಲಿ ನನಗೆ ಯಾವಾಗಲೂ ಅನಿಸುತ್ತದೆ.

ಬ್ಯಾಡಗಿಯಲ್ಲಿ ಇಳಿದ ಕೂಡಲೇ ಘಾಟು. ಸೀನು ಒಂದಕ್ಕೆ ನಿಲ್ಲುವುದಿಲ್ಲ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ರಾತ್ರಿಯಿಡೀ ಓಡಿ ಬಂದ ಲಾರಿಗಳು ಸಾಲುಗಟ್ಟಿವೆ. ಹಮಾಲರು ಚೀಲ ಹೊತ್ತು ತಂದು ಬಾಯಿ ಬಿಚ್ಚಿ ಸುರಿಯುತ್ತಿದ್ದಾರೆ. ಮೂಗು–ಬಾಯಿಗೆ ವಸ್ತ್ರ ಕಟ್ಟಿಕೊಂಡ ಹೆಣ್ಣುಮಕ್ಕಳು ಆರಿಸಲು ಕೂತಾಗಿದೆ. ಚಾಲಕರು ಮಲಗಲು ಹೊರಟಿದ್ದಾರೆ, ಹಮಾಲರು ಈಗಷ್ಟೇ ಎದ್ದು ಬಂದಿದ್ದಾರೆ. ಒಂದೇ ಚಹಾದಂಗಡಿಯ ಮುಂದೆ ಇಬ್ಬರೂ ಗ್ಲಾಸು ಹಿಡಿದು ನಿಂತಿದ್ದಾರೆ.

ಶೆಡ್ಡಿನ ದೀಪದಡಿ ಎಲ್ಲ ರಾಶಿಯೂ ಒಂದೇ ಕಂದು. ಒಂದು ಕಾಯಿ ಎತ್ತಿಕೊಳ್ಳಿ. ಇಬ್ಬನಿಗೆ ಮೆತ್ತಗಾಗಿದೆ, ಮಡಚಿದರೆ ಮುರಿಯದೆ ಬಾಗುತ್ತದೆ. ಇದು ಡಬ್ಬಿ: ಗಿಡ್ಡ, ಮೈ ದುಂಡು, ತುಂಬಾ ಬೀಜ. ಪಕ್ಕದ ರಾಶಿ ಕಡ್ಡಿ: ಉದ್ದ, ತೆಳ್ಳಗೆ. ಎರಡರ ಮೈಮೇಲೂ ನೆರಿಗೆ. ಏಳಕ್ಕೆ ಸ್ವಲ್ಪ ಮುಂಚೆ ಹೊತ್ತು ಮೂಡುತ್ತದೆ. ಬಿಸಿಲು ಅಂಗಳಕ್ಕೆ ಇಳಿದು ರಾಶಿಯ ನೆತ್ತಿ ಮುಟ್ಟಿದ ಕ್ಷಣ ಆ ಕಂದು ಬಿರಿದು ಕೆಂಪಾಗುತ್ತದೆ, ನೆರಿಗೆಯ ಏಣುಗಳು ಎಣ್ಣೆ ಸವರಿದಂತೆ ಹೊಳೆಯುತ್ತವೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಗೆ ಖಾರ ಕಡಿಮೆ, ಬೆಲೆಯೆಲ್ಲ ಬಣ್ಣಕ್ಕೆ. ಬಣ್ಣ ತಿಳಿಯಬೇಕಾದರೆ ಹಗಲೇ ಬೇಕು. ಖರೀದಿದಾರರು ಮುಂಜಾನೆ ರಾಶಿಯಿಂದ ರಾಶಿಗೆ ತಿರುಗುವುದು ಇದಕ್ಕೇ.

ನಿಮಗೂ ಇದೇ ಬೆಳಕು ಬೇಕು. ಕಣ್ಣಿನ ಹಿಂಪದರದಲ್ಲಿ ನೋಟಕ್ಕಿಂತ ಹೆಚ್ಚಾಗಿ ಹೊತ್ತು ತಿಳಿಯಲೆಂದೇ ಇರುವ ಕೋಶಗಳಿವೆ. ಕೋಣೆಯ ಟ್ಯೂಬ್‌ಲೈಟ್ ಅವುಗಳಿಗೆ ಸಾಲದು. ಹೊರಗಿನ ಬೆಳಗು ಅದಕ್ಕಿಂತ ಎಷ್ಟೋ ಪಟ್ಟು ಪ್ರಖರ. ಹಾಗಾಗಿ ಗಲ್ಲಾದ ಬಳಿ ಕೂರಬೇಡಿ. ಲಾಟ್ ಚೀಟಿ ಹಿಡಿದು ಅರ್ಧ ತಾಸು ಬಯಲಲ್ಲೇ ಓಡಾಡಿ. ಪೇಟೆ ಇಲ್ಲದ ದಿನವೂ ಅದೇ ಹೊತ್ತಿಗೆ ಎದ್ದು ಹೊರಗೆ ಬನ್ನಿ. ದಿನಕ್ಕೆ ಕಾಲು ತಾಸು ಸರಿದರೆ ಅದೇ ದೊಡ್ಡದು.

ಮಧ್ಯಾಹ್ನ ರೊಟ್ಟಿ ಉಂಡ ಮೇಲೆ ಕಣ್ಣು ಎಳೆಯುತ್ತದೆ. ಖಾಲಿ ಚೀಲದ ಮೇಲೆ ಇಪ್ಪತ್ತು ನಿಮಿಷ ಒರಗಿ, ಹೆಚ್ಚು ಬೇಡ.

ಸಂಜೆ ಟೆಂಡರ್ ದರ ಬಂದಾಗಿದೆ, ತೂಕ ನಡೆದಿದೆ. ಬೆಳಗಿನವರೆಲ್ಲ ಆಕಳಿಸುತ್ತಿರುವಾಗ ನಿಮ್ಮ ತಲೆ ತಿಳಿಯಾಗುತ್ತದೆ, ಕೈ ಓಡುತ್ತದೆ, ಒಂದು ಅಂಕಿಯೂ ತಪ್ಪುವುದಿಲ್ಲ. ನಸುಕಿನಲ್ಲಿ ಏಳುವುದಕ್ಕಿಂತ ಈ ಹೊತ್ತನ್ನು ಬಿಟ್ಟುಕೊಡುವುದು ನಿಮಗೆ ಕಷ್ಟ. ಇನ್ನೆರಡು ಪುಟ ಮುಗಿಸಿ ಹೋಗು ಎನ್ನುತ್ತಾರೆ ಸಾವುಕಾರರು. ನಾಳೆ ಮುಂಜಾನೆ ಮುಗಿಸುತ್ತೇನೆ ಎಂದು ಹೇಳಿ, ಖಾತೆ ಪುಸ್ತಕ ಮಡಚಿ, ರಾಣೆಬೆನ್ನೂರಿನ ಬಸ್ ಹಿಡಿಯಿರಿ.