ಅಣ್ಣನಿಗೆ ಪೈಪಿನ ಕವಚ

ಈ ಸಲ ಶುಂಠಿ ಬೀಜೋಪಚಾರದ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರಕ್ಕೆ ಇರಲಿ. ನಮ್ಮೂರ ನಾಟಕ ಮುಗಿದ ಮೇಲೆ ಸುಮಾರು ಜನ ಫೋನ್ ಮಾಡಿ "ದುರ್ಯೋಧನನ ಎದೆಗವಚ ಎಲ್ಲಿಂದ ಬಾಡಿಗೆಗೆ ತಂದ್ರಿ, ಚೆನ್ನಾಗಿತ್ತು" ಅಂತ ಕೇಳ್ತಾವ್ರೆ. ಅದು ಬಾಡಿಗೇದಲ್ಲ. ಪಿವಿಸಿ ಪೈಪು. ನಮ್ಮ ಹಿತ್ತಲಲ್ಲಿ ಕೂತು ನಾನೇ ಮಾಡಿದ್ದು. ಒಬ್ಬೊಬ್ಬರಿಗೆ ಹೇಳೋ ಬದಲು ಇಲ್ಲೇ ಬರೆದುಬಿಡ್ತೀನಿ. ಉದ್ದ ಇದೆ, ಕೆಲಸ ಮುಗಿಸ್ಕೊಂಡು ಕೂತು ಓದಿ.

ಬೂವನಹಳ್ಳಿ ಅಂದ್ರೆ ಹೊರಗಿನವರು ವಿಮಾನ ನಿಲ್ದಾಣದ ಊರಾ ಅಂತಾರೆ. 2007ರಲ್ಲಿ ಅಡಿಗಲ್ಲು ಹಾಕಿದ್ದು, ಅದರ ಕತೆ ನಿಮಗೆಲ್ಲ ಗೊತ್ತು, ಬಿಡಿ. ವಿಮಾನ ಬರಲಿ ಬಿಡಲಿ, ನಮ್ಮ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಅಂತೂ ನಿಂತಿಲ್ಲ. ಗುಬ್ಬಿ ವೀರಣ್ಣನವರ ಕಂಪನಿ 1934ರಲ್ಲಿ ಬಯಲಲ್ಲಿ ಆನೆ ಕುದುರೆ ತಂದು ಕುರುಕ್ಷೇತ್ರ ಆಡಿತ್ತಂತೆ. ನಮಗೆ ಆನೆ ಇಲ್ಲ, ಹಾರ್ಮೋನಿಯಂ ಮಾಸ್ಟರು ಇದ್ದಾರೆ. ಪಾರ್ಟಿಗೆ ಇಷ್ಟು ಅಂತ ದುಡ್ಡು ಕಟ್ಟಿ, ಮೂರು ತಿಂಗಳು ರಾತ್ರಿ ಕೂತು ಪದ್ಯ ಕಲಿತು, ಸೀನರಿಯವರನ್ನ ಕರೆಸಿ, ಬೆಳಗಿನ ಜಾವದವರೆಗೂ ಆಡೋದು. ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲೂ ಹಳ್ಳಿ ತಂಡಗಳು ಆಡ್ತಾನೇ ಇರ್ತಾವೆ. ದುರ್ಯೋಧನನ ಪಾರ್ಟಿಗೆ ಎಲ್ಲರಿಗಿಂತ ಜಾಸ್ತಿ ದುಡ್ಡು. ಆ ಪಾರ್ಟು ಇಪ್ಪತ್ತು ವರ್ಷದಿಂದ ನಮ್ಮಣ್ಣಂದು. ಅವನ ಗಂಟಲು ಹಂಗಿದೆ.

ನಾನೂ ಅಣ್ಣನೂ ಮಾತಾಡಿ ಏಳು ವರ್ಷ ಆಗಿತ್ತು. ಊರವರಿಗೆ ಗೊತ್ತಿರೋದೇ, ಮುಚ್ಚಿಡೋದು ಏನೂ ಇಲ್ಲ. 2018ರ ಬೇಸಿಗೇಲಿ ಅವನ ಬೋರಿಂದ ಎಂಬತ್ತು ಅಡಿ ದೂರದಲ್ಲಿ ನಾನು ಬೋರ್ ಹಾಕಿಸಿದೆ. ಅಷ್ಟು ಹತ್ತಿರ ಬೇಡ ಕಣೋ ಅಂದಿದ್ದ, ಕೇಳಲಿಲ್ಲ. 720 ಅಡಿ ಹೋಯ್ತು, ಬರೀ ಧೂಳು. ಅದೇ ತಿಂಗಳು ಒಂದೂವರೆ ಇಂಚು ಬರ್ತಿದ್ದ ಅವನ ನೀರು ಮುಕ್ಕಾಲು ಇಂಚಿಗೆ ಇಳೀತು. ನಿನ್ನ ಬೋರ್ ಲಾರಿ ಗಾಳಿ ಹೊಡೆದು ನನ್ನ ಸೆಲೆ ಕದಲಿಸ್ತು ಅಂತ ಅವನು. ಒಣ ಬೋರು ನಿನ್ನ ನೀರು ಹೆಂಗೆ ಕುಡಿಯುತ್ತೆ, ಆ ವರ್ಷ ಎಲ್ಲರ ನೀರೂ ಇಳಿದಿತ್ತು ಅಂತ ನಾನು. ಯಾರದು ಸರಿ ಅಂತ ಇವತ್ತಿಗೂ ತೀರ್ಮಾನ ಆಗಿಲ್ಲ. ಮದುವೆ ಮನೇಲಿ ಎದುರು ಸಿಕ್ಕಿದರೂ ಅವನು ಆ ಪಂಕ್ತಿ, ನಾನು ಈ ಪಂಕ್ತಿ. ಎರಡು ವರ್ಷದ ಹಿಂದೆ ಮೈಸೂರಲ್ಲಿ ಅವನಿಗೆ ಬೈಪಾಸ್ ಆಪರೇಷನ್ ಆಯ್ತು. ಆಸ್ಪತ್ರೆ ಬಾಗಿಲವರೆಗೂ ಹೋಗಿ, ಅತ್ತಿಗೆ ಹತ್ರ ಮಾತಾಡಿ, ಒಳಗೆ ಹೋಗದೆ ವಾಪಸ್ ಬಂದಿದ್ದೆ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಅಣ್ಣನ ಮಗಳು ಬಂದಳು. "ಚಿಕ್ಕಪ್ಪ, ಅಪ್ಪ ಮತ್ತೆ ಪಾರ್ಟ್ ಮಾಡ್ತೀನಿ ಅಂತ ಹಠ ಹಿಡಿದವ್ರೆ. ಹಾಡೋಕೆ ಅಡ್ಡಿ ಇಲ್ಲ, ಎದೆ ಮೇಲೆ ಭಾರ, ಬಿಗಿ ಏನೂ ಬೇಡ ಅಂತ ಡಾಕ್ಟ್ರು ಹೇಳವ್ರೆ. ಬಾಡಿಗೆ ಡ್ರೆಸ್ಸಿನ ತಗಡಿನ ಕವಚ ಹೊಲಿಗೆ ಮೇಲೇ ಒತ್ತುತ್ತೆ. ಊರಲ್ಲಿ ಎಲ್ಲರ ಪೈಪ್ ಕೆಲಸ ಮಾಡೋರು ನೀವು, ಹಗುರಕ್ಕೆ ಏನಾದ್ರೂ ಮಾಡಿಕೊಡಿ" ಅಂದಳು. ನಿಮ್ಮಪ್ಪ ಹೇಳಿ ಕಳಿಸಿದ್ನಾ ಅಂದೆ. ಇಲ್ಲ ಅಂದಳು. ಸುಳ್ಳು ಹೇಳಿದ್ದರೂ ಒಪ್ಕೊಳ್ತಿದ್ದೆ.

ಮೊದಲನೇ ತಪ್ಪು, ಅಳತೆ ಇಲ್ಲದೆ ಶುರು ಮಾಡಿದ್ದು. ಅವನ ಮನೆಗೆ ಹೋಗೋದು ತಪ್ಪಲಿ ಅಂತ ನನ್ನ ಎದೆ ಅಳತೆಗೇ ನಾಲ್ಕು ಇಂಚು ಸೇರಿಸಿದೆ. ಎರಡನೇ ತಪ್ಪು, ಪೈಪು. ಆ ಬೋರಿಂದ ಉಳಿದಿದ್ದ ಎರಡು ಲೆಂತ್ ಕೇಸಿಂಗ್ ಪೈಪು ಹುಲ್ಲಿನ ಮೆದೆ ಪಕ್ಕ ಬಿದ್ದಿತ್ತು, ಅದನ್ನೇ ಕುಯ್ದೆ. ಏಳಿಂಚಿನ ಪೈಪು ಉದ್ದಕ್ಕೆ ಸೀಳಿ ಬಿಡಿಸಿದರೆ ಇಪ್ಪತ್ತೆರಡು ಇಂಚು ಅಗಲದ ಹಾಳೆ ಸಿಗುತ್ತೆ, ಆದರೆ ದಪ್ಪ ಜಾಸ್ತಿ. ಎದೆ, ಬೆನ್ನು ಎರಡೂ ಸೇರಿ ನಾಲ್ಕು ಕೆ.ಜಿ. ದಾಟಿತು, ಶುಂಠಿ ತೂಗೋ ತಕ್ಕಡೀಲಿ ನೋಡಿದೆ. ತಗಡೇ ವಾಸಿ.

ಮೂರನೇ ತಪ್ಪು ಎಲ್ಲಕ್ಕಿಂತ ಕೆಟ್ಟದ್ದು, ಇದನ್ನ ಯಾರೂ ಮಾಡಬೇಡಿ. ಪೈಪನ್ನ ಸೌದೆ ಒಲೆ ಉರಿ ಮೇಲೆ ಹಿಡಿದೆ. ಪಿವಿಸಿ ಸುಟ್ಟರೆ ಬರೋ ಹೊಗೇಲಿ ಆಸಿಡ್ ಅಂಶ ಇರುತ್ತೆ. ಕಣ್ಣು ಉರಿ, ಎರಡು ದಿನ ಕೆಮ್ಮು. ನಮ್ಮನೆಯವಳು "ನಿಮ್ಮಣ್ಣನ ಎದೆ ಉಳಿಸೋಕೆ ಹೋಗಿ ನಿಮ್ಮ ಎದೆ ಸುಟ್ಕೊಳ್ಳಿ" ಅಂದಳು. ಪಿವಿಸಿ ಮೆತ್ತಗಾಗೋಕೆ 80 ಡಿಗ್ರಿ ಆಸುಪಾಸು ಸಾಕು, ಅಂದ್ರೆ ಕುದಿಯೋ ನೀರೇ ಸಾಕು. ಮದುವೆ ಅಡುಗೆಯ ಅಗಲವಾದ ಪಾತ್ರೆ ತಂದು ನೀರು ಕುದಿಸಿ, ಹಾಳೆ ಅದರಲ್ಲಿ ಮುಳುಗಿಸಿ, ಚರ್ಮದ ಕೈಗವಸು ಹಾಕ್ಕೊಂಡು ಎತ್ತಿದರೆ ರಾಗಿ ರೊಟ್ಟಿ ಹಿಟ್ಟಿನ ಥರ ಬಾಗುತ್ತೆ. ಒಂದು ನಿಮಿಷದೊಳಗೆ ಕೂರಿಸಬೇಕು, ತಣ್ಣಗಾದರೆ ಗಟ್ಟಿ. ಸರಿ ಬರಲಿಲ್ಲ ಅಂದ್ರೆ ಮತ್ತೆ ನೀರಿಗೆ ಹಾಕಿ, ಮತ್ತೆ ಬಗ್ಗಿಸಬಹುದು.

ಕೊನೆಗೆ ಟೇಪ್ ಹಿಡ್ಕೊಂಡು ಅಣ್ಣನ ಮನೆಗೆ ಹೋಗಲೇಬೇಕಾಯ್ತು. ಕೇಸಿಂಗಿಂದ ಮಾಡಿದ್ದನ್ನೂ ಬಗಲಲ್ಲಿ ಇಟ್ಕೊಂಡು ಹೋದೆ, ಬರಿಗೈಲಿ ಹೋಗೋಕೆ ಒಂಥರಾ ಆಯ್ತು. ಅತ್ತಿಗೆ "ಬನ್ನಿ" ಅಂದು ಕಾಫಿಗೆ ಇಟ್ಟರು. ಅಣ್ಣ ಜಗಲೀಲಿ ಕೂತಿದ್ದ. ಕವಚ ಕೈಗೆ ತಗೊಂಡ, ತೂಕ ನೋಡಿದ, ಒಳಗಡೆ ತಿರುಗಿಸಿ ಪೈಪಿನ ಮೇಲಿನ ಅಚ್ಚು ಓದಿದ.

"ಇದು ಆ ಬೋರಿಂದಾ?"

"ಹೂಂ."

"ಬೇಡ. ಬೇರೇದು ತಗೊ."

ಏಳು ವರ್ಷಕ್ಕೆ ಅಷ್ಟೇ ಮಾತು. ಆಮೇಲೆ ಎದ್ದು ನಿಂತು ಅಂಗಿ ಬಿಚ್ಚಿದ.

ಇಲ್ಲಿ ಕೆಲಸದ ವಿಷಯ ಹೇಳಬೇಕು, ಗಮನ ಇಟ್ಟು ಓದಿ. ಬರೀ ಟೇಪಿನ ಅಳತೆ ಸಾಲೋಲ್ಲ. ಎದೆ ಸುತ್ತಳತೆ ಎಷ್ಟು ಅಂತ ಗೊತ್ತಾಗುತ್ತೆ, ಆಕಾರ ಗೊತ್ತಾಗೋಲ್ಲ. ಹಳೇ ಬನಿಯನ್ ಹಾಕಿಸಿ, ಅದರ ಮೇಲೆ ಪಾರ್ಸಲ್ ಅಂಟಿಸೋ ಕಂದು ಟೇಪನ್ನ ಕತ್ತಿಂದ ಸೊಂಟದವರೆಗೆ ಎರಡು ಮೂರು ಸುತ್ತು ಸುತ್ತಬೇಕು. ಆಮೇಲೆ ಬೆನ್ನ ಮೇಲೆ ಉದ್ದಕ್ಕೆ ಕತ್ತರಿಸಿ ಬಿಚ್ಚಿದರೆ ಮೈಯ ಅಚ್ಚು ಸಿಗುತ್ತೆ. ಅದನ್ನ ತಿರುಗಾ ಅಂಟಿಸಿ ಒಳಗೆ ಹುಲ್ಲು ತುಂಬಿದರೆ ಆಳು ಎದುರಿಗೆ ಇಲ್ಲದೇನೇ ಕೆಲಸ ಮಾಡಬಹುದು. ಸುತ್ತುವಾಗ ಹಾಡೋನು ಪೂರ್ತಿ ಉಸಿರು ಎಳ್ಕೊಂಡು ನಿಂತಿರಬೇಕು. ಅಣ್ಣಂದು ಸುಮ್ಮನೆ ನಿಂತರೆ 41 ಇಂಚು, ಪದ್ಯ ಎತ್ತೋ ಮುಂಚೆ ಉಸಿರು ತುಂಬಿದರೆ 43 ಮುಕ್ಕಾಲು. ಬಾಡಿಗೆ ಡ್ರೆಸ್ಸಲ್ಲಿ ಆ ಎರಡು ಮುಕ್ಕಾಲು ಇಂಚಿಗೆ ಜಾಗ ಇರೋಲ್ಲ, ಅದಕ್ಕೇ ನಮ್ಮ ಎಷ್ಟೋ ಜನ ಕಲಾವಿದರು ಪದ್ಯದ ಮಧ್ಯೆ ಉಸಿರು ಕಟ್ಟಿ ಬಿಕ್ಕೋದು.

ನಾನು ಸುತ್ತೋದು, ಅವನು ಉಸಿರು ಹಿಡಿಯೋದು, ಬಿಡೋದು. ಎದೆ ಮಧ್ಯದ ಹೊಲಿಗೆ ಗುರುತು ಗಂಟಲ ಗುಂಡಿಯಿಂದ ಕೆಳಗೆ ಒಂದು ಗೇಣು ಇಳಿದಿತ್ತು. ಬನಿಯನ್ ಮೇಲಿಂದಲೂ ಬೆರಳಿಗೆ ಸಿಕ್ಕಿತು. ಅಲ್ಲಿಗೆ ಬಂದಾಗ ಕೈ ನಿಂತುಹೋಯ್ತು. "ಸುತ್ತೋ, ನೋವಿಲ್ಲ" ಅಂದ. ನಾನು ಆಸ್ಪತ್ರೆ ಬಾಗಿಲವರೆಗೂ ಬಂದು ವಾಪಸ್ ಹೋಗಿದ್ದು ಅವನಿಗೆ ಗೊತ್ತಿತ್ತು ಅಂತ ಅತ್ತಿಗೆ ಆಮೇಲೆ ಹೇಳಿದರು. ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹುಲ್ಲು ತುಂಬಿದ ಬೊಂಬೆಯನ್ನ ನಮ್ಮ ಪಡಸಾಲೇಲಿ ಒಂದು ಗೂಟಕ್ಕೆ ನಿಲ್ಲಿಸಿದೆ. ಮೊದಲ ರಾತ್ರಿ ನಾಯಿ ಬೊಗಳಿದ್ದೇ ಬೊಗಳಿದ್ದು. ನಮ್ಮನೆಯವಳು ನೀರು ಕುಡಿಯೋಕೆ ಎದ್ದವಳು ಕಿರುಚ್ಕೊಂಡಳು. ಅದೇ ಭುಜ, ಎಡಗಡೆ ಸ್ವಲ್ಪ ಇಳಿದಿರೋದು, ಅದೇ ಹೊಟ್ಟೆ. ಏಳು ವರ್ಷ ನಮ್ಮನೆ ಹೊಸ್ತಿಲು ದಾಟದ ಅಣ್ಣ, ಹುಲ್ಲಾಗಿ ಬಂದು ಹನ್ನೆರಡು ದಿನ ನಮ್ಮ ಜೊತೆ ಇದ್ದ. ಊಟಕ್ಕೆ ಕೂತಾಗ ಅದರ ಕಡೆ ಬೆನ್ನು ಹಾಕೋಕೆ ಮನಸ್ಸು ಬರ್ತಿರಲಿಲ್ಲ.

ಎರಡನೇ ಸಲ ಪೈಪು ಬದಲಾಯಿಸಿದೆ. ಆರಿಂಚಿನ ತೆಳು ಪೈಪು, ನಾವು ಹೊಲಕ್ಕೆ ಹಾಕೋ 4 ಕೆ.ಜಿ. ಪೈಪೇ ಸಾಕು. ಸೀಳಿ ಬಿಡಿಸಿದರೆ ಇಪ್ಪತ್ತಿಂಚು ಹಾಳೆ. ಬೊಂಬೆ ಮೇಲೆ ಒದ್ದೆ ಗೋಣಿ ಹೊದಿಸಿ, ಬಿಸಿ ಹಾಳೆ ಕೂರಿಸಿ, ಹಳೇ ಸೈಕಲ್ ಟ್ಯೂಬಲ್ಲಿ ಬಿಗಿದು ಬಿಟ್ಟೆ. ಎದೆದು, ಬೆನ್ನಿಂದು ಬೇರೆ ಬೇರೆ. ಎದೆ ನಟ್ಟನಡುವೆ ಹೊಲಿಗೆ ಇರೋ ಕಡೆ ಹಾಳೆಯನ್ನ ಒಳಗಿಂದ ತಳ್ಳಿ ಎರಡು ಬೆರಳು ಉಬ್ಬಿಸಿದೆ. ನೋಡೋರಿಗೆ ಅದು ಕವಚದ ಡಿಸೈನು. ಭಾರ ಹೊಲಿಗೆ ಮೇಲೆ ಬೀಳದೆ ಎರಡು ಭುಜಕ್ಕೆ ಹೋಗಲಿ ಅಂತ ಕೆಟ್ಟುಹೋಗಿದ್ದ ಸ್ಪ್ರೇಯರಿನ ಬೆಲ್ಟು, ಬಕಲ್ ಬಿಚ್ಚಿ ರಿವೆಟ್ ಹೊಡೆದೆ. ಪಕ್ಕಗಳಲ್ಲಿ ಪೈಪಿಗೆ ಪೈಪು ಸೇರಿಸಲೇ ಇಲ್ಲ, ಮೂರು ಬೆರಳು ಖಾಲಿ ಬಿಟ್ಟು ಅಗಲದ ಎಲಾಸ್ಟಿಕ್ ಹಾಕಿದೆ. ಉಸಿರು ತುಂಬಿದಾಗ ಅದು ಹಿಗ್ಗುತ್ತೆ. ಒಳಗೆ ವ್ಯಾಯಾಮದ ಫೋಮ್ ಚಾಪೆ ತುಂಡು. ಕಂಕುಳ ಕೆಳಗೆ ಡ್ರಿಪ್ ಪೈಪಿಗೆ ತೂತು ಹೊಡೆಯೋ ಪಂಚಲ್ಲಿ ಸಾಲಾಗಿ ತೂತು, ಗಾಳಿಗೆ.

ಭುಜಕೀರ್ತಿಗೆ ಜೀವಾಮೃತದ ಹಳೇ ನೀಲಿ ಡ್ರಮ್ ಕುಯ್ದೆ. ಔಷಧಿ ಡ್ರಮ್ ಯಾವ ಕಾರಣಕ್ಕೂ ಬೇಡ, ಎಷ್ಟು ತೊಳೆದರೂ ಮೈಗೆ ತಾಗೋ ಕೆಲಸಕ್ಕೆ ಅದು ಆಗೋಲ್ಲ. ಡ್ರಮ್ಮಿನ ಪ್ಲಾಸ್ಟಿಕ್ ಗಟ್ಟಿ, ಒಡೆಯೋಲ್ಲ, ಆದರೆ ಅದಕ್ಕೆ ಅಂಟೂ ಹಿಡಿಯೋಲ್ಲ, ಬಣ್ಣವೂ ನಿಲ್ಲೋಲ್ಲ. ಮೊದಲ ಪ್ರಾಕ್ಟೀಸಲ್ಲೇ ಚಿನ್ನದ ಬಣ್ಣ ಹೊಪ್ಪಳೆ ಎದ್ದು ಶಕುನಿ ತಟ್ಟೆ ಉಪ್ಪಿಟ್ಟಿಗೆ ಬಿತ್ತು. ಆಮೇಲೆ ಅಂಚಿಗೆ ತೂತು ಹೊಡೆದು ಜರಿ ವೆಲ್ವೆಟ್ ಬಟ್ಟೆ ಸುತ್ತಿ ಹೊಲಿದೆ, ಅತ್ತಿಗೆ ಸೂಜಿ ಹಿಡಿದರು. ಪಿವಿಸಿಗೆ ಮಾತ್ರ 120 ನಂಬರ್ ಉಪ್ಪುಕಾಗದ ಉಜ್ಜಿ, ಪ್ರೈಮರ್ ಕೊಟ್ಟು, ಮೇಲೆ ಸ್ಪ್ರೇ ಹೊಡೆದರೆ ಬಣ್ಣ ಕೂರುತ್ತೆ. ಎಲ್ಲ ಸೇರಿ 2 ಕೆ.ಜಿ. 300 ಗ್ರಾಂ ಆಯ್ತು. ಮೂರು ಸಲ ಅವನ ಮನೆಗೆ ಹೋಗಿ ತೊಡಿಸಿ ನೋಡಿದೆ. ಒಂದು ಸಲ ಕೂತಾಗ ಕೆಳಗಿನ ಅಂಚು ಹೊಟ್ಟೆಗೆ ಚುಚ್ಚಿತು, ಒಂದೂವರೆ ಇಂಚು ಕುಯ್ದೆ. ನಿಂತು ನೋಡಿ ಅಳತೆ ಮುಗೀತು ಅನ್ಕೋಬೇಡಿ, ಸಿಂಹಾಸನದ ಮೇಲೆ ಕೂರಿಸಿ ನೋಡಿ.

ತೊಡೆಗೂ ಎರಡು ತುಂಡು ಮಾಡಿದ್ದೆ, ಚೆನ್ನಾಗಿ ಬಂದಿತ್ತು. ಅಣ್ಣ ನೋಡಿ ನಕ್ಕ. "ಲೋ, ದುರ್ಯೋಧನನ ತೊಡೆಗೆ ಕವಚ ಹಾಕಿದ್ರೆ ಭೀಮ ಎಲ್ಲಿಗೋ ಹೊಡೀಬೇಕು?" ಗಾಂಧಾರಿ ಕಣ್ಣುಕಟ್ಟು ಬಿಚ್ಚಿ ನೋಡಿದಾಗ ಮಗನ ಮೈಯೆಲ್ಲ ವಜ್ರ ಆಯ್ತು, ತೊಡೆ ಮಾತ್ರ ಬಟ್ಟೆ ಮರೇಲಿ ಉಳೀತು ಅಂತ ನಮ್ಮ ಅಜ್ಜಿ ಹೇಳ್ತಿದ್ದ ಕತೆ. ಅದು ವ್ಯಾಸ ಭಾರತದಲ್ಲಿ ಇಲ್ಲ ಅಂತಾರೆ ನಮ್ಮ ಮಾಸ್ಟರು. ಇರಲಿ ಬಿಡಲಿ, ನನ್ನ ತಲೆಗೆ ಅದು ಹೊಳೆದೇ ಇರಲಿಲ್ಲ. ಆ ತೊಡೆ ತುಂಡುಗಳನ್ನ ಈಗ ಸೌತೆ ಬೀಜದ ಸಸಿಗೆ ನೆರಳು ಮಾಡೋಕೆ ಇಟ್ಟಿದ್ದೀನಿ.

ನಾಟಕದ ರಾತ್ರಿ ನಾನು ಸೀನಿನ ಹಿಂದೆಯೇ ಇದ್ದೆ, ಸ್ಪ್ಯಾನರು, ರಿವೆಟ್ ಗನ್, ಟೇಪು ಜೇಬಲ್ಲಿ ಇಟ್ಕೊಂಡು. ಸೆಖೆಗೆ ಫೋಮ್ ಒದ್ದೆ ಆಗಿ ಎರಡು ಕಡೆ ಬಿಟ್ಕೊಂಡಿತು. ಎಡಗಡೆ ಎಲಾಸ್ಟಿಕ್ ಒಂದು ಗಂಟೆ ಹೊತ್ತಿಗೆ ಹರೀತು, ಪಾಂಡವರ ಸೀನು ನಡೀತಿರುವಾಗ ಹೊಸದು ಹಾಕಿದೆ. ಅವನು ರಂಗದ ಮೇಲೆ ಪದ್ಯ ಎತ್ತಿದಾಗೆಲ್ಲ ನನ್ನ ಕಣ್ಣು ಆ ಪಕ್ಕದ ಎಲಾಸ್ಟಿಕ್ ಮೇಲೆ. ಹಿಗ್ಗುತ್ತಿತ್ತು, ಇಳಿಯುತ್ತಿತ್ತು. ಜನ ಒನ್ಸ್ ಮೋರ್ ಅಂದ್ರು, ಮಗಳು ಕೆಳಗಿಂದ ಬೇಡ ಬೇಡ ಅಂತ ಕೈ ಆಡಿಸಿದಳು, ಅವನು ಕೇಳ್ತಾನಾ, ಮತ್ತೆ ಹಾಡಿದ. ಗದಾಯುದ್ಧ ಮುಗಿಯೋ ಹೊತ್ತಿಗೆ ಕೋಳಿ ಕೂಗಿತ್ತು.

ಬಂದು ಟ್ರಂಕಿನ ಮೇಲೆ ಕೂತ. "ಬಿಚ್ಚೋ" ಅಂದ. ಬಕಲ್ ಬಿಚ್ಚಿ ಎದೆದು ತೆಗೆದೆ, ಬೆನ್ನಿಂದು ತೆಗೆದೆ. ಮೈಯೆಲ್ಲ ಬೆವರು, ಹೊಲಿಗೆ ಜಾಗ ನೋಡಿದೆ, ಕೆಂಪಾಗಿರಲಿಲ್ಲ. ಬಲಗಡೆ ಕಂಕುಳಲ್ಲಿ ಮಾತ್ರ ಒಂದು ಗೆರೆ ತರಚಿತ್ತು.

"ಮುಂದಿನ ವರ್ಷಕ್ಕೆ ಅಲ್ಲಿ ಇನ್ನೊಂದು ಬೆರಳು ಬಿಡು" ಅಂದ.

ಬೋರಿನ ಮಾತು ಇನ್ನೂ ಬಂದಿಲ್ಲ. ಅದು ಹಂಗೇ ಇದೆ. ಕೇಸಿಂಗಿನ ಬಾಯಿ ಕಲ್ಲು ಸಿಮೆಂಟು ಹಾಕಿ ಮುಚ್ಚಿದ್ದೀನಿ, ನಿಮ್ಮಲ್ಲೂ ಒಣ ಬೋರ್ ಬಾಯಿ ತೆರೆದಿದ್ದರೆ ಮೊದಲು ಮುಚ್ಚಿ, ಮಕ್ಕಳು ಓಡಾಡ್ತಾರೆ. ಹೋದ ಭಾನುವಾರ ಅಣ್ಣ ನಮ್ಮ ಹೊಲದ ಬದುವಿನ ಮೇಲೆ ನಿಂತು ಶುಂಠಿ ಮಡಿ ನೋಡ್ಕೊಂಡು ಹೋದನಂತೆ, ನಾನು ಇರಲಿಲ್ಲ.

ಕವಚ ಬೇಕಾದವರು ಹಳೇ ಬನಿಯನ್, ನಾಲ್ಕು ಉಂಡೆ ಟೇಪು ತಗೊಂಡು ಬನ್ನಿ. ಪೈಪು ನಿಮ್ಮದೇ. ಜೋಳ ಬಿತ್ತನೆ ಶುರುವಾದ ಮೇಲೆ ನನಗೆ ಪುರುಸೊತ್ತು ಇರೋಲ್ಲ, ಅದಕ್ಕೆ ಮುಂಚೆ ಬನ್ನಿ. ಹುಲ್ಲಿನ ಬೊಂಬೆ ಮಾತ್ರ ಕೇಳಬೇಡಿ. ಜೋಳದ ಹೊಲಕ್ಕೆ ಬೆದರುಬೊಂಬೆ ಮಾಡಿ ಅಂತ ನಮ್ಮನೆಯವಳು ಹೇಳ್ತಾನೇ ಇದ್ದಾಳೆ. ಮಳೇಲಿ ನೆನೆಯುತ್ತೆ ಅಂತ ಇನ್ನೂ ಪಡಸಾಲೇಲೇ ಇಟ್ಟಿದ್ದೀನಿ.