ಕೇಳದೆ ಉಳಿದ ಪ್ರಶ್ನೆ

ಪುಣೆಯಲ್ಲಿ ನಾವು ಮೂವರು ಗೆಳೆಯರು ಸೇರಿ ನಡೆಸುತ್ತಿರುವ ತಂತ್ರಾಂಶ ಸಂಸ್ಥೆಯಲ್ಲಿ ಇರುವವರು ಒಟ್ಟು ಹನ್ನೊಂದು ಮಂದಿ. ದೊಡ್ಡ ಕಂಪನಿಗಳಿಗೆ ಮೈಸೂರಿನ ಇನ್ಫೋಸಿಸ್ ಆವರಣದಂಥ ತರಬೇತಿ ಕೇಂದ್ರಗಳುಂಟು, ಗ್ರಾಹಕರೊಡನೆ ಮಾತನಾಡಲು ಬೇರೆಯೇ ಜನರುಂಟು. ನಮ್ಮಲ್ಲಿ ಪ್ರೋಗ್ರಾಂ ಬರೆದವನೇ ಫೋನನ್ನೂ ಎತ್ತಬೇಕು. ಅದು ಎಷ್ಟು ಭಾರದ ಕೆಲಸವೆಂಬುದು ನಮಗೆ ಅರಿವಾದದ್ದು 2017ರಲ್ಲಿ.

ಆ ವರ್ಷ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂತು. ಭೋಸರಿಯ ಕೆಲವು ಸಣ್ಣ ಕಾರ್ಖಾನೆಗಳಿಗೆ ಬಿಲ್ಲಿಂಗ್ ತಂತ್ರಾಂಶ ಒದಗಿಸಿದ್ದವರು ನಾವು. ಮಹಾರಾಷ್ಟ್ರದೊಳಗಿನ ಮಾರಾಟಕ್ಕೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂಬ ಎರಡು ಪಾಲು. ಹೊರರಾಜ್ಯಕ್ಕಾದರೆ ಐಜಿಎಸ್‌ಟಿ ಒಂದೇ. ನಮ್ಮ ತಂತ್ರಾಂಶವೋ, ರಾಜ್ಯದ ಕಲಂ ಖಾಲಿಯಿದ್ದರೆ ಅದನ್ನು ಮಹಾರಾಷ್ಟ್ರವೆಂದೇ ಎಣಿಸುತ್ತಿತ್ತು. ಬೆಳಗಾವಿಗೆ ಹೋದ ಮಾಲಿಗೂ ಸ್ಥಳೀಯ ತೆರಿಗೆ ಬಿತ್ತು.

ಒಂದು ಕಾರ್ಖಾನೆಯ ಲೆಕ್ಕ ಬರೆಯುವ ಮಹಿಳೆ ಫೋನ್ ಮಾಡಿದಾಗ, ಹಾವೇರಿ ಕಡೆಯ ನಮ್ಮ ಹುಡುಗ “ನೀವು ತುಂಬಿದ ಮಾಹಿತಿ ಸರಿಯಿಲ್ಲ” ಎಂದಷ್ಟೇ ಹೇಳಿ ಸುಮ್ಮನಾದ. ದೂರು ಮಾಲೀಕರ ಮೂಲಕ ನಮ್ಮ ತನಕ ಬಂತು. ಹುಡುಗನನ್ನು ಕರೆದು ಗದರಿಸಿದೆವು. ಅವನು ದೋಷಗಳ ಪಟ್ಟಿಯನ್ನು ತೆರೆದು ತೋರಿಸಿದ. ಹತ್ತು ದಿನ ಮೊದಲೇ ಅದನ್ನು ಬರೆದಿಟ್ಟಿದ್ದ. “ಮುಗೀತೇನು ಅಂತ ಕೇಳಿದ್ರಿ ಸರ್. ಏನರ ಉಳದೈತೇನು ಅಂತ ಕೇಳ್ಲಿಲ್ಲ” ಎಂದ. ನಮ್ಮ ಮೂವರಲ್ಲಿ ಒಬ್ಬರ ಬಳಿಯೂ ಉತ್ತರವಿರಲಿಲ್ಲ.

ಅವನನ್ನು ಇಂಗ್ಲಿಷ್ ಮಾತುಗಾರಿಕೆಯ ತರಗತಿಗೆ ಕಳಿಸೋಣವೆಂಬ ಸಲಹೆ ಬಂತು. ಸಾಫ್ಟ್ ಸ್ಕಿಲ್ಸ್ ಎಂದರೆ ಅಷ್ಟೇ ಎಂದು ನಾವೂ ನಂಬಿದ್ದ ಕಾಲವದು. ಆದರೆ ಇಲ್ಲಿ ಕೊರತೆ ಭಾಷೆಯದಾಗಿರಲಿಲ್ಲ. ಕೊನೆಗೆ ನಮ್ಮಲ್ಲೊಬ್ಬರು ಅವನನ್ನು ಭೋಸರಿಗೆ ಕರೆದೊಯ್ದು, ಒಂದು ದಿನ ಆ ಮಹಿಳೆಯ ಮೇಜಿನ ಪಕ್ಕದಲ್ಲಿ ಕೂರಿಸಿದರು. ಅವರು ತಪ್ಪು ಬಿಲ್ಲುಗಳನ್ನು ಒಂದೊಂದಾಗಿ ರದ್ದುಮಾಡಿ ಮತ್ತೆ ಬರೆಯುತ್ತಿದ್ದರು. ಅವರ ಹಳೆಯ ಗ್ರಾಹಕರ ಪಟ್ಟಿಯಲ್ಲಿ ರಾಜ್ಯದ ಕಲಮೇ ಇರಲಿಲ್ಲ. ಅದನ್ನು ತುಂಬಬೇಕೆಂದು ನಾವು ಯಾರೂ ಅವರಿಗೆ ತಿಳಿಸಿರಲಿಲ್ಲ. ಅಲ್ಲಿ ಎಲ್ಲರೂ ಅವರನ್ನು ‘ತಾಈ’ ಎನ್ನುತ್ತಿದ್ದರು. ಮರಾಠಿಯಲ್ಲಿ ಅದು ಅಕ್ಕ, ನಮ್ಮ ಕಿವಿಗೆ ತಾಯಿ. ಹುಡುಗನೂ ಹಾಗೆಯೇ ಕರೆದು, ಹರಕು ಮುರುಕು ಮರಾಠಿಯಲ್ಲಿ ತಪ್ಪೊಪ್ಪಿಕೊಂಡ. ಮಧ್ಯಾಹ್ನ ಅವರು ತಮ್ಮ ಡಬ್ಬಿಯಿಂದ ಅವನಿಗೂ ಬಡಿಸಿದರು. ಮರುದಿನ ಅವನು, ರಾಜ್ಯದ ಹೆಸರು ತುಂಬದೆ ಬಿಲ್ಲು ಮುಂದೆ ಸಾಗದಂತೆ ತಂತ್ರಾಂಶವನ್ನು ತಿದ್ದಿದ.

ಅಂದಿನಿಂದ ಪ್ರತಿ ಶುಕ್ರವಾರ ಚಹಾದ ಹೊತ್ತಿಗೆ ನಮ್ಮಲ್ಲಿ ಮೂರು ಪ್ರಶ್ನೆಗಳು: ಏನು ಉಳಿದಿದೆ, ಎಲ್ಲಿ ತೊಡಕಿದೆ, ಅದು ಯಾರಿಗೆ ತಿಳಿಯಬೇಕು. ಮೊದಲು ಉತ್ತರಿಸುವವರು ನಾವು ಮೂವರು. ಹಿರಿಯರು ತಮ್ಮ ತಪ್ಪನ್ನು ಒಪ್ಪದೆ ಕಿರಿಯರು ಬಾಯಿ ಬಿಡುವುದಿಲ್ಲವೆಂಬುದನ್ನು ನಾವು ತಡವಾಗಿ ಕಲಿತೆವು.

ಆ ಹುಡುಗ ಮಾತಾಳಿಯೇನೂ ಆಗಲಿಲ್ಲ. ಆದರೆ ಕೆಲವು ತಿಂಗಳ ನಂತರ, ಒಂದು ಬುಧವಾರ, ಕರೆಯದೆಯೇ ಬಂದು ನಿಂತ. “ಸೋಮವಾರಕ್ಕ ಇದು ಆಗೂದಿಲ್ಲ ಸರ್. ತಾಈಗೆ ಈಗ ಫೋನ್ ಮಾಡಿ ಹೇಳೀನಿ” ಎಂದ.